ಕೌಲ್ ಬಜಾರಿನ ಗಾಳಿ ಮೇಸ್ತ್ರಿ

ಮೇಸ್ತ್ರಿ ಹೋದ ತಿಂಗಳು ಸಿರುಗುಪ್ಪದಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಬಳ್ಳಾರಿಯಲ್ಲಿ ಒಂದು ಸಲ ನನ್ನ ಬಾಯಿಗೆ ಸಿಕ್ಕಿ ಹಾಳಾಗಿದೆ, ಅಷ್ಟು ಸಾಕು. ಕೌಲ್ ಬಜಾರಿನಲ್ಲಿ ಎಲ್ಲರೂ ಅವರನ್ನು ಗಾಳಿ ಮೇಸ್ತ್ರಿ ಎನ್ನುತ್ತಿದ್ದರು. ಟೈರಿಗೆ ಗಾಳಿ ಹೊಡೆಯುವವರಿರಬೇಕು ಎಂದುಕೊಂಡು ಸೈಕಲ್ಲು ತಳ್ಳಿಕೊಂಡು ಬರುವವರೂ ಇದ್ದರು. ಮೇಸ್ತ್ರಿ ಅವರಿಗೂ ಏನೂ ಅನ್ನದೆ ಗಾಳಿ ಹೊಡೆದು ಕಳಿಸುತ್ತಿದ್ದರು.

ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ನನ್ನ ಬಾಯಿ ಜೋರು, ತಾಳ್ಮೆ ಕಡಿಮೆ. ನನ್ನ ಹೆಂಡತಿ ಕುರುಗೋಡಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವಳ ಎಡಗಾಲಿಗೆ ಶಕ್ತಿಯಿಲ್ಲ. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತಾಳೆ. ಬಸ್ಸಿನ ಮೆಟ್ಟಿಲು ಅವಳಿಗೆ ಗುಡ್ಡ ಹತ್ತಿದ ಹಾಗೆ. ಇಪ್ಪತ್ತು ವರ್ಷ ಕಂಡಕ್ಟರುಗಳ, ಗುರುತಿಲ್ಲದ ಹೆಂಗಸರ ಕೈ ಹಿಡಿದು ಹತ್ತಿ ಇಳಿದಿದ್ದಳು. ಅದರ ಬಗ್ಗೆ ಒಂದು ದಿನವೂ ಮಾತಾಡಿದವಳಲ್ಲ.

ಗಣಿ ದುಡ್ಡಿನ ಕಾಲದಲ್ಲಿ ಬಳ್ಳಾರಿಗೆ ದೊಡ್ಡ ದೊಡ್ಡ ಗಾಡಿಗಳು ಬಂದವಲ್ಲ, ಆ ಕಾಲ ಇಳಿದ ಮೇಲೆ ಅವೂ ಇಳಿದವು. ಯಜಮಾನರು ಬದಲಾಗುತ್ತಾ ಬದಲಾಗುತ್ತಾ, ಬಣ್ಣ ಮಾಸಿ, ಕೊನೆಗೆ ನನ್ನಂಥವರ ಕೈಗೆ ಬಂದವು. ನಾನು ಕೊಂಡದ್ದು ಅಂಥ ಒಂದು ಹಳೆಯ ಎಸ್‌ಯುವಿ. ಸತ್ಯನಾರಾಯಣಪೇಟೆಯ ನಮ್ಮ ಓಣಿಯವರು ನಕ್ಕರು. ಆ ಗಾಡಿಗೆ ಕಬ್ಬಿಣದ ಸ್ಪ್ರಿಂಗಿಲ್ಲ. ನಾಲ್ಕು ಚಕ್ರದ ಹತ್ತಿರ ನಾಲ್ಕು ಗಾಳಿ ತುಂಬಿದ ರಬ್ಬರು ಚೀಲ, ಮೇಸ್ತ್ರಿಯ ಮಾತಿನಲ್ಲಿ ಅದು ಬಲೂನು. ಒಂದು ಗುಂಡಿ ಒತ್ತಿದರೆ ಗಾಳಿ ಇಳಿದು ಗಾಡಿ ಮೆಲ್ಲಗೆ ಕೆಳಗೆ ಕೂರುತ್ತದೆ, ಇನ್ನೊಂದು ಒತ್ತಿದರೆ ಏಳುತ್ತದೆ. ಮೊದಲ ದಿನ ಗಾಡಿ ಕೂತಾಗ ನನ್ನ ಹೆಂಡತಿ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕುಳಿತಳು. ಬಾಗಿಲು ತಾನೇ ಎಳೆದುಕೊಂಡಳು. ಆಮೇಲೆ ಇಳಿದು, ಮತ್ತೆ ಹತ್ತಿದಳು. ಎಂಥ ಹಾಳು ಗಾಡಿಯಾದರೂ ಇದನ್ನು ಮಾರುವುದಿಲ್ಲ ಎಂದು ಅವತ್ತೇ ಅಂದುಕೊಂಡೆ.

ಹಾಳಂತೂ ಆಯಿತು. ಕೆಲವು ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಎಡಮಗ್ಗುಲಿಗೆ ಮಲಗಿರುತ್ತಿತ್ತು. ಕೆಲವು ಬೆಳಿಗ್ಗೆ ನೆಟ್ಟಗೆ ನಿಂತಿರುತ್ತಿತ್ತು. ರಿಪೇರಿಗೆ ಒಯ್ದ ದಿನ ಮಾತ್ರ ಸಾಲಿಯ ಜಾಣ ಹುಡುಗನ ಹಾಗೆ ವರ್ತಿಸುತ್ತಿತ್ತು. ಒಬ್ಬರು ಗಾಳಿ ತುಂಬುವ ಕಂಪ್ರೆಸರ್ ಬದಲಿಸಿದರು. ಅದು ಸುಟ್ಟಿತು. ಇನ್ನೊಬ್ಬರು ಇನ್ನೊಂದು ಹಾಕಿದರು. ಅದೂ ಸುಟ್ಟಿತು. ಆಗ ಯಾರೋ ಕೌಲ್ ಬಜಾರಿನ ದಾರಿ ತೋರಿಸಿದರು. "ಅಲ್ಲೊಬ್ಬರು ಮೇಸ್ತ್ರಿ ಅದಾರ. ಅದಿರು ಲಾರಿಗಳ ಏರ್ ಬ್ರೇಕ್ ಮಾಡಿ ಮಾಡಿ ಕಿವಿ ಹಂಗಾಗ್ಯಾವ, ಸೂಜಿ ತೂತಿನ ಗಾಳಿನೂ ಕೇಳ್ತೈತಿ ಅವ್ರಿಗೆ. ಆದ್ರ ಫೋನ್ ಎತ್ತಂಗಿಲ್ಲ, ಬಲೇ ಜಂಬ. ನೀವ ಹೋಗಬೇಕು."

ಹೋದೆ. ತಗಡಿನ ಶೆಡ್ಡು, ಬೆಳ್ಳಗಾದ ಗಡ್ಡ, ಮೊಣಕಾಲ ತನಕ ಮಡಿಚಿದ ಪ್ಯಾಂಟು. ನಾನು ಕಥೆ ಶುರು ಮಾಡಿದರೆ ನನ್ನ ಮುಖವನ್ನೇ ದಿಟ್ಟಿಸಿ ಕೇಳಿದರು. ಇಷ್ಟು ಗಮನ ಕೊಟ್ಟು ನನ್ನ ಮಾತು ಕೇಳಿದವರು ಕೋರ್ಟಿನಲ್ಲೂ ಇರಲಿಲ್ಲ. ನನಗೆ ಖುಷಿಯಾಯಿತು.

"ಎರಡು ಕಂಪ್ರೆಸರ್ ಸತ್ತುವು ಅಂದ್ರಲ್ಲ ಸಾರ್, ಅವು ಸಾಯಲಿಲ್ಲ, ನೀವ ಕೊಂದ್ರಿ" ಎಂದರು. "ಎಲ್ಲೋ ಗಾಳಿ ಹೋಗಾಕ ಹತ್ತೈತಿ. ಅದು ಪಾಪ ತುಂಬಿದ್ದೇ ತುಂಬಿದ್ದು. ತೂತು ಬಿದ್ದ ಬಿಂದಿಗಿ ಬಿಟ್ಟು ನೀರು ಸೇದವರನ್ನ ಬದಲು ಮಾಡಿದಂಗಾತು." ಆಮೇಲೆ ಕೇಳಿದರು, "ಗಾಡಿ ಎಲ್ಲಿ ನಿಲ್ಲಸ್ತೀರಿ?"

"ಮನಿ ಮುಂದ."

"ನಾನ ಬರ್ತೀನಿ."

ಎರಡು ವಾರ, ದಿನಾ ಬೆಳಿಗ್ಗೆ ಹಾಲಿನವನಿಗಿಂತ ಮೊದಲು ಬಂದರು. ಕೈಯಲ್ಲಿ ದರ್ಜಿಯವರ ಟೇಪು, ಸೀಮೆಸುಣ್ಣ. ಪಾನಾ, ಸ್ಕ್ರೂಡ್ರೈವರ್ ಒಂದೂ ಇಲ್ಲ. ಪ್ರತಿ ಚಕ್ರದ ನಡುವಿನಿಂದ ಮೇಲಿನ ತಗಡಿನ ಅಂಚಿನವರೆಗೆ ಅಳೆದು, ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಬರೆಯುವುದು. ಚಹಾ ಕುಡಿಯುವುದು, ಹೋಗುವುದು. ಸುಣ್ಣ ಬಳಿಸಿ ತಿಂಗಳಾಗಿರದ ಗೋಡೆ. ನಾಲ್ಕನೇ ದಿನ ನಾನು ಸಿಡುಕಿದೆ, "ಬರಿಯಾಕ ನಮ್ಮ ಗ್ವಾಡಿನೇ ಬೇಕೇನ್ರಿ?" ಅವರು ಆಗ ಗೋಡೆಯ ಕಡೆ ಮುಖ ಮಾಡಿ ಬರೆಯುತ್ತಿದ್ದರು. ತಿರುಗಲಿಲ್ಲ, ಉತ್ತರ ಕೊಡಲಿಲ್ಲ. ಜಂಬದ ಮನುಷ್ಯ ಎಂದದ್ದು ನಿಜ ಎಂದುಕೊಂಡೆ.

ಎರಡನೆಯ ಸೋಮವಾರ ಗೋಡೆಯ ಮುಂದೆ ಬಹಳ ಹೊತ್ತು ನಿಂತರು. "ಸಾರ್, ಇದು ರವಿವಾರ ಮಲಗಂಗಿಲ್ಲ, ಸೋಮವಾರ ಮಲಗಂಗಿಲ್ಲ. ಉಳಿದ ದಿನ ಮಲಗ್ತೈತಿ. ಶನಿವಾರ ಸಂಜಿಕ ನೀವು ಏನು ಬ್ಯಾರೆ ಮಾಡ್ತೀರಿ?"

ನಾನು ಏನೂ ಇಲ್ಲ ಎಂದೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಗೆ ಹೊಳೆಯಿತು. ಉಳಿದ ದಿನ ನಾನು ಸಂಜೆಯೇ ಗಾಡಿಯನ್ನು ಕೆಳಗೆ ಕೂರಿಸಿ ಬಿಡುತ್ತಿದ್ದೆ, ಬೆಳಿಗ್ಗೆ ಅವಳಿಗೆ ಹತ್ತಲು ತಯಾರಿರಲಿ ಎಂದು. ಶನಿವಾರ ಗಾಡಿ ತೊಳೆಯಲು ಎತ್ತರಿಸಿ, ರವಿವಾರ ಹೊರಗೆ ತೆಗೆಯದೆ, ಸೋಮವಾರ ಬೆಳಿಗ್ಗೆಯವರೆಗೂ ಹಾಗೇ ಬಿಡುತ್ತಿದ್ದೆ. ಮೇಸ್ತ್ರಿ ಗಾಡಿಯನ್ನು ಕೂರಿಸಿ, ಹಿಂದಿನ ಬಲೂನಿಗೆ ಸೋಪಿನ ನೀರು ಸಿಂಪಡಿಸಿದರು. ನಿಂತಾಗ ಮಡಿಕೆಯೊಳಗೆ ಮುಚ್ಚಿಕೊಂಡಿರುತ್ತಿದ್ದ ರಬ್ಬರಿನ ಸೀಳು, ಕೂತಾಗ ಬಾಯಿ ಬಿಟ್ಟು ಸಣ್ಣ ನೊರೆ ಉಗುಳಿತು.

"ಈಗ ನೀವ ಕಿವಿ ಇಟ್ಟು ಕೇಳ್ರಿ. ಗಾಡಿ ನಿಮ್ಮದು, ಮೊದಲು ನಿಮಗ ಕೇಳಬೇಕು" ಎಂದರು. ನಾನು ನೆಲಕ್ಕೆ ಬಗ್ಗಿ ಕೇಳಿದೆ. ಸಣ್ಣಗೆ ಸುಂಯ್ ಎನ್ನುತ್ತಿತ್ತು. ಮೇಸ್ತ್ರಿ ಬಲೂನನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

ಅದು ಅವರ ಪದ್ಧತಿ. ಯಾರೇ ಬರಲಿ, ಗಾಡಿಯವರನ್ನು ಬಗ್ಗಿಸಿ ಕೇಳಿಸದೆ ಪಾನಾ ಹಚ್ಚುತ್ತಿರಲಿಲ್ಲ. ಎಂಥ ಪ್ರಾಮಾಣಿಕ ನೋಡ್ರಿ ಎಂದು ಜನ ಹೊಗಳುತ್ತಿದ್ದರು. ತಾವು ಕೇಳುವಾಗ ಒದ್ದೆ ಬಟ್ಟೆಯಿಂದ ಗಲ್ಲ ಒರೆಸಿಕೊಂಡು, ಕಣ್ಣು ಮುಚ್ಚಿ, ಪೈಪಿನ ಹತ್ತಿರ ಮುಖ ಒಯ್ಯುತ್ತಿದ್ದರು. ಆಗ ಶೆಡ್ಡಿನಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ.

ಸಿರಿಗೇರಿಯ ಅಕ್ಕಿ ವ್ಯಾಪಾರಿಯ ಗಾಡಿಯ ಕಥೆಯನ್ನು ಕೌಲ್ ಬಜಾರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಆ ಗಾಡಿ ಸಿರಿಗೇರಿಯಲ್ಲಿ ಮಾತ್ರ ಮಲಗುತ್ತಿತ್ತು, ಬಳ್ಳಾರಿಗೆ ತಂದರೆ ಸರಿ ಇರುತ್ತಿತ್ತು. ಮೇಸ್ತ್ರಿ ಬಸ್ಸು ಹಿಡಿದು ಸಿರಿಗೇರಿಗೆ ಹೋಗಿ, ಎದುರು ಮನೆಯ ಕಟ್ಟೆಯ ಮೇಲೆ ಇಡೀ ದಿನ ಕೂತರಂತೆ. ಸಂಜೆ ಎದ್ದು, ಒಂದು ಪೈಪನ್ನು ಬಿಚ್ಚಿ ಬೆರಳಗಲ ಸಡಿಲ ಬಿಟ್ಟು ಕಟ್ಟಿದರಂತೆ. ಅಲ್ಲಿಗೆ ಮುಗಿಯಿತು. ಕಟ್ಟೆಯ ಮೇಲಿಂದಲೇ ಗಾಳಿ ಸದ್ದು ಹಿಡಿದರು ಎಂದು ಜನ ಹೇಳುತ್ತಿದ್ದರು. ನಡೆದದ್ದು ಬೇರೆ. ಓಣಿ ಇಕ್ಕಟ್ಟು, ಟ್ರ್ಯಾಕ್ಟರಿಗೆ ದಾರಿಯಾಗಲೆಂದು ಡ್ರೈವರು ಮುಂದಿನ ಒಂದು ಚಕ್ರವನ್ನು ಮನೆಯ ಮೆಟ್ಟಿಲಿಗೆ ಹತ್ತಿಸಿ ನಿಲ್ಲಿಸುತ್ತಿದ್ದ. ಆಗ ಪೈಪು ಬಿಗಿದುಕೊಂಡು ಬುಡದಲ್ಲಿ ಗಾಳಿ ಬಿಡುತ್ತಿತ್ತು. ಮೇಸ್ತ್ರಿ ಅದನ್ನು ಕಣ್ಣಿನಿಂದ ಕಂಡಿದ್ದರು. ನಾನು ಕೇಳಿದಾಗ ಅವರೇ ಹೇಳಿದರು, "ಜನಕ್ಕ ಕಿವಿ ಕಥಿನೇ ರುಚಿ ಸಾರ್. ಇರ್ಲಿ ಬಿಡ್ರಿ."

ನನ್ನ ಹೆಂಡತಿಗೂ ಅವರಿಗೂ ಒಳ್ಳೆಯ ಹೊಂದಾಣಿಕೆ. ಅವರು ಅವಳನ್ನು ಟೀಚರಮ್ಮಾರ ಎನ್ನುತ್ತಿದ್ದರು. ಅವಳ ಕಾಲಿನ ಬಗ್ಗೆ ಒಂದು ಮಾತೂ ಕೇಳಿದವರಲ್ಲ. ಆದರೆ ಬಲೂನು ಬದಲಿಸಿದ ದಿನ, ಯಾರೂ ಹೇಳದಿದ್ದರೂ, ಗಾಡಿ ಮೊದಲಿಗಿಂತ ಬೆರಳಗಲ ಕೆಳಗೆ ಕೂರುವಂತೆ ಮಾಡಿಕೊಟ್ಟಿದ್ದರು. ರಿಪೇರಿಗೆ ಹೋದಾಗ ಅವಳು ಗಾಡಿಯೊಳಗೇ ಕೂತಿರುತ್ತಿದ್ದಳು. ಮೇಸ್ತ್ರಿ ಹೊರಗಿನಿಂದ ಅವಳ ಕಡೆ ನೋಡಿ, "ಟೀಚರಮ್ಮಾರ, ಈಗ?" ಎನ್ನುತ್ತಿದ್ದರು. ಸದ್ದಿದ್ದರೆ ಅವಳು ಬೆರಳೆತ್ತುವಳು, ಇಲ್ಲದಿದ್ದರೆ ಇಲ್ಲ. ಇವರಿಬ್ಬರದು ಇದೊಂದು ಆಟ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ಮೂರು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ದಿನ, ಹತ್ತನೇ ತರಗತಿಯ ಪರೀಕ್ಷೆ ಶುರುವಾದ ದಿನ, ಬೆಳಿಗ್ಗೆ ಗಾಡಿ ಮುಂದಿನ ಬಲಮಗ್ಗುಲಿಗೆ ಸ್ವಲ್ಪ ವಾಲಿತ್ತು. ಸ್ಟಾರ್ಟ್ ಮಾಡಿದರೆ ಎದ್ದಿತು. ಓಣಿ ದಾಟುವುದರೊಳಗೆ ಮತ್ತೆ ವಾಲಿತು. ಹೆಂಡತಿಗೆ ಕುರುಗೋಡಿನಲ್ಲಿ ಪರೀಕ್ಷೆಯ ಡ್ಯೂಟಿ. ತಡವಾಗುವ ಹಾಗಿರಲಿಲ್ಲ. ಸೀದಾ ಕೌಲ್ ಬಜಾರಿಗೆ ಹೊಡೆದೆ.

ಶೆಡ್ಡಿನಲ್ಲಿ ಜನ. ಸಿರುಗುಪ್ಪದ ಒಬ್ಬ ಕಂಟ್ರಾಕ್ಟರು ತನ್ನ ಗಾಡಿ ತಂದು, ಜೊತೆಗೆ ಮೂರು ನಾಲ್ಕು ಮಂದಿಯನ್ನು ಕಟ್ಟಿಕೊಂಡು ಕೂತಿದ್ದ. ಮೇಸ್ತ್ರಿ ನಮ್ಮನ್ನು ಕಂಡು ಎದ್ದು ಬಂದರು. ಹೆಂಡತಿ ಕಿಟಕಿಯಿಂದ ಪರೀಕ್ಷೆಯ ವಿಷಯ ಹೇಳಿದಳು. "ಐದು ಮಿನಿಟು ಟೀಚರಮ್ಮಾರ" ಎಂದು ಟೇಪು ತೆಗೆದು ಹಿಂದಿನ ಎಡ ಚಕ್ರದಿಂದ ಅಳೆಯಲು ಶುರು ಮಾಡಿದರು. ಹೆಂಡತಿ ಕೈಯೆತ್ತಿ ಬಲಕ್ಕೆ ತೋರಿಸಿದಳು. ಅವರು ಆಗಲೇ ಬಗ್ಗಿದ್ದರು, ನೋಡಲಿಲ್ಲ.

ಮುಂದಿನ ಬಲ ಚಕ್ರದ ಹತ್ತಿರ ಗಾಳಿ ಬುಸುಗುಡುತ್ತಿತ್ತು. ಅಲ್ಲಿದ್ದವರಿಗೆಲ್ಲ ಕೇಳುತ್ತಿತ್ತು. ಈ ಮನುಷ್ಯ ನೋಡಿದರೆ ಆ ಮೂಲೆಯಲ್ಲಿ ಕೂತು ಟೇಪು ಹಿಡಿದಿದ್ದಾರೆ. ನನಗೆ ರಕ್ತ ನೆತ್ತಿಗೇರಿತು.

"ಮೇಸ್ತ್ರಿ, ಮುಂದ ಸದ್ದಾಗಕತ್ತೈತಿ" ಎಂದೆ. ಅವರು ಅಳೆಯುತ್ತಲೇ ಇದ್ದರು. ಇನ್ನೂ ಜೋರಾಗಿ ಹೇಳಿದೆ. ತಿರುಗಲಿಲ್ಲ. ಕೋರ್ಟಿನ ಬಾಗಿಲಲ್ಲಿ ಹೆಸರನ್ನು ಮೂರು ಸಲ ಕೂಗುತ್ತಾರಲ್ಲ, ಹಾಗೆ ಮೂರನೆಯ ಸಲ ಕೂಗಿದೆ, "ರಸ್ತಾದಾಗಿನವರಿಗೆ ಕೇಳ್ತೈತಿ, ನಿಮಗ ಕೇಳವಲ್ದು! ಕಿವುಡ ಅದೀರೇನು?"

ಮೇಸ್ತ್ರಿಯ ಬೆನ್ನು ನಮ್ಮ ಕಡೆಗೇ ಇತ್ತು. ಕಂಟ್ರಾಕ್ಟರು ಮೆಲ್ಲಗೆ ಎದ್ದು, ಅವರ ತಲೆಯ ಹಿಂದೆ ನಿಂತು, ಎರಡು ಕೈ ಸೇರಿಸಿ ಚಪ್ಪಾಳೆ ತಟ್ಟಿದ. ಮೇಸ್ತ್ರಿ ಟೇಪು ಓದುತ್ತಿದ್ದರು. ಇನ್ನೊಂದು ಸಲ ತಟ್ಟಿದ. ಅವನ ಕಡೆಯವನೊಬ್ಬ ಜಾಕಿನ ರಾಡನ್ನು ನೆಲಕ್ಕೆ ಎತ್ತಿ ಹಾಕಿದ. ನೆಲ ಅದುರಿದ್ದು ಕಾಲಿಗೆ ತಿಳಿದಿರಬೇಕು, ಮೇಸ್ತ್ರಿ ತಿರುಗಿದರು. ನಗುತ್ತಿದ್ದವರನ್ನು ನೋಡಿದರು. ಗಾಳಿಯಲ್ಲೇ ಉಳಿದಿದ್ದ ಕಂಟ್ರಾಕ್ಟರನ ಕೈಗಳನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅವರು ಮುಂದಿನ ಬಲ ಚಕ್ರಕ್ಕೆ ಬಂದರು. ಒದ್ದೆ ಗಲ್ಲ ಒಯ್ಯಲಿಲ್ಲ, ನನ್ನನ್ನು ಬಗ್ಗಿಸಿ ಕೇಳಿಸಲೂ ಇಲ್ಲ. ಪೈಪಿನ ಬುಡದಲ್ಲಿ ಸವೆದಿದ್ದ ರಬ್ಬರು ಉಂಗುರ ತೆಗೆದು ಹೊಸದು ಹಾಕಿದರು. ಗಾಡಿ ಎದ್ದು ನಿಂತಿತು. ಅವರ ಅಳತೆಯ ಕ್ರಮದಲ್ಲಿ ನಾಲ್ಕನೆಯದು ಆ ಚಕ್ರವೇ. ನಾನು ಎರಡು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಅವರು ಅಲ್ಲಿಗೆ ತಾವಾಗಿಯೇ ಬರುತ್ತಿದ್ದರು.

ಕುರುಗೋಡಿನ ದಾರಿಯಲ್ಲಿ ಹೆಂಡತಿ ಹೇಳಿದಳು, "ಮೊದಲನೇ ತಿಂಗಳಿಂದ ನನಗ ಗೊತ್ತಿತ್ತು. ಅವ್ರು ಕೇಳ್ತಿದ್ದಿಲ್ಲ, ಒದ್ದಿ ಗಲ್ಲಕ್ಕ ಗಾಳಿ ತಾಕ್ತೈತೇನು ಅಂತ ನೋಡ್ತಿದ್ರು. ನಮ್ಮ ಮುಖ ನೋಡಿ ಮಾತು ತಿಳ್ಕೊಂತಿದ್ರು. ನಾನು ಯಾರಿಗೂ ಹೇಳಲಿಲ್ಲ."

"ನನಗರ ಹೇಳಬಾರ್ದಿತ್ತಾ?"

"ನಿಮಗ ಹೇಳಿದ್ರ ಊರಿಗೆ ಹೇಳಿದಂಗ" ಎಂದಳು. "ನಂದು ಕಾಲು, ಎಲ್ಲಾರಿಗೂ ಕಾಣ್ತೈತಿ, ಮುಚ್ಚಾಕ ಬರಂಗಿಲ್ಲ. ಅವ್ರು ಒಂದು ಮುಚ್ಚಿಟ್ಟುಕೊಂಡಿದ್ರು. ಅದ್ರಾಗ ಅವ್ರ ಅನ್ನ ಇತ್ತು."

ನಾನು ಗಾಡಿ ಓಡಿಸುತ್ತಾ ಅತ್ತೆ. ಅರವತ್ತು ದಾಟಿದ ಗಂಡಸು ಅಳುವುದನ್ನು ಅವಳು ನೋಡಲಿಲ್ಲ, ಅಥವಾ ನೋಡದವಳಂತೆ ಕೂತಳು.

ಸುದ್ದಿ ಹಬ್ಬಲು ಒಂದು ವಾರವೂ ಬೇಕಾಗಲಿಲ್ಲ. ಕಿವುಡ ಗಾಳಿ ಏನು ಹಿಡೀತಾನ ಎಂದು ಜನ ನಕ್ಕರು. ಅವರ ಕೆಲಸ ಯಾವತ್ತೂ ಕಿವಿಯಿಂದ ನಡೆದಿರಲಿಲ್ಲ, ಅಳತೆಯಿಂದ ಮತ್ತು ತಾಳ್ಮೆಯಿಂದ ನಡೆದಿತ್ತು. ನಾನು ಸಿಕ್ಕ ಸಿಕ್ಕವರಿಗೆ ನಮ್ಮ ಗೋಡೆಯ ಕಥೆ ಹೇಳಿದೆ, ಸಿರಿಗೇರಿಯ ಕಟ್ಟೆಯ ಕಥೆ ಹೇಳಿದೆ. ಕಿವಿಯ ಮೇಲೆ ಕಟ್ಟಿದ್ದ ಹೆಸರು ಕಿವಿಯ ಜೊತೆಗೇ ಹೋಯಿತು. ದೊಡ್ಡ ಗಾಡಿಯವರು ಬರುವುದು ನಿಂತಿತು. ಮಳೆಗಾಲ ಬರುವುದರೊಳಗೆ ಶೆಡ್ಡು ಬೇರೆಯವರ ಪಾಲಾಯಿತು. ಮೇಸ್ತ್ರಿ ಸಿರುಗುಪ್ಪಕ್ಕೆ, ಮಗಳ ಮನೆಗೆ ಹೋದರು ಎಂದು ಪಕ್ಕದ ಅಂಗಡಿಯವರು ಹೇಳಿದರು.

"ಹೋಗಿ ತಪ್ಪಾತು ಅಂತ ಹೇಳಿ ಬರ್ರಿ" ಎಂದು ಹೆಂಡತಿ ಹೇಳುತ್ತಲೇ ಇದ್ದಳು. ನಾಳೆ, ನಾಡಿದ್ದು ಎನ್ನುತ್ತಾ ವರ್ಷ ಕಳೆದೆ. ಕೊನೆಗೊಂದು ದಿನ ಅವಳು ಶಾಲೆಯಲ್ಲಿದ್ದಾಗ ಬಸ್ಸು ಹತ್ತಿ ಒಬ್ಬನೇ ಹೋದೆ. ಗಾಡಿ ಒಯ್ದರೆ ಅವಳೂ ಬರುತ್ತಾಳೆ, ಅವಳ ಮುಂದೆ ತಲೆ ತಗ್ಗಿಸಬೇಕಾಗುತ್ತದೆ ಎಂಬುದು ನನ್ನ ಲೆಕ್ಕ.

ಮೇಸ್ತ್ರಿ ಪಡಸಾಲೆಯಲ್ಲಿ ಕೂತಿದ್ದರು. ಸೊರಗಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಮಗಳು, "ಈಗ ಕಿವಿ ಪೂರಾ ಹೋಗ್ಯಾವ ಸಾರ್. ಮಿಷನ್ ಹಾಕಿದ್ರೂ ಗುಂಯ್ ಅಂತೈತಿ ಅಷ್ಟ. ಮುಖ ಕಾಣಂಗ ಮಾತಾಡ್ರಿ, ತಿಳೀತೈತಿ" ಎಂದು ಹೇಳಿ ಚಹಾ ಮಾಡಲು ಒಳಗೆ ಹೋದಳು. ಅಳಿಯ ಮತ್ತು ಪಕ್ಕದ ಮನೆಯ ಇಬ್ಬರು ಅಲ್ಲೇ ಕೂತಿದ್ದರು.

ನಾನು ಹೇಳಿದೆ. ತಪ್ಪಾಯಿತು ಎಂದೆ, ದೊಡ್ಡ ತಪ್ಪಾಯಿತು, ನಿಮ್ಮ ಅನ್ನಕ್ಕೆ ಕಲ್ಲು ಹಾಕಿದೆ, ಕ್ಷಮಿಸಿರಿ ಎಂದೆ. ಆದರೆ ನಾಚಿಕೆಗೆ ನನ್ನ ತಲೆ ತಗ್ಗಿತ್ತು. ಮಾತೆಲ್ಲ ನೆಲ ನೋಡುತ್ತಾ ಆಡಿದೆ. ತಲೆಯೆತ್ತಿದಾಗ ಮೇಸ್ತ್ರಿ ನನ್ನ ಮುಖ ಹುಡುಕುತ್ತಿದ್ದರು. ಒಂದು ಮಾತೂ ಅವರಿಗೆ ಸಿಕ್ಕಿರಲಿಲ್ಲ.

"ಬಸ್ಸಿಗೆ ಬಂದೀರಿ. ಗಾಡಿ ಮಲಗೈತೇನ್ರಿ ಮತ್ತ?" ಎಂದು ಕೇಳಿದರು.

ಇನ್ನೊಂದು ಸಲ ಹೇಳಬೇಕಿತ್ತು. ಮುಖ ಎತ್ತಿ, ಬಾಯಿ ಬಿಡಿಸಿ, ಬೇಕಾದರೆ ಕೂಗಿ ಹೇಳಬೇಕಿತ್ತು. ಅಳಿಯ ನೋಡುತ್ತಿದ್ದ, ಪಕ್ಕದವರು ನೋಡುತ್ತಿದ್ದರು. ಹತ್ತು ಜನರ ಮುಂದೆ ಮೂರು ಸಲ ಕೂಗಿ ಬೈದವನಿಗೆ ಕ್ಷಮೆಯನ್ನು ಮೂವರ ಮುಂದೆ ಎರಡನೆಯ ಸಲ ಹೇಳಲು ಬಾಯಿ ಬರಲಿಲ್ಲ. ನಾನು ಹೌದು ಎಂದು ತಲೆಯಾಡಿಸಿದೆ.

"ಯಾವ ಮಗ್ಗಲಕ್ಕ?"

ಬಲಗೈ ತೋರಿಸಿದೆ. ಅವರ ಮುಖದ ಮೇಲೆ ಕಳೆ ಬಂತು. "ದಿನಾ ಮಲಗ್ತೈತೋ, ಒಂದೊಂದು ದಿನವೋ? ಇಲ್ಲಿಗೆ ತರ್ರಿ. ಹದಿನೈದು ದಿನ ಬಿಡ್ರಿ, ಅವಸರ ಮಾಡಬ್ಯಾಡ್ರಿ. ಟೀಚರಮ್ಮಾರಿಗೆ ತ್ರಾಸಾಗಬಾರ್ದು" ಎಂದರು.

"ಮುಂದಿನ ವಾರ ತರ್ತೀನಿ" ಎಂದೆ. ಈ ಮಾತನ್ನು ಮಾತ್ರ ಮುಖ ನೋಡಿ ಹೇಳಿದೆ.

ಸಂಜೆ ಹೆಂಡತಿಗೆ, ಹೋಗಿ ಹೇಳಿ ಬಂದೆ ಎಂದೆ. "ಮುಖ ನೋಡಿ ಹೇಳಿದ್ರೇನು?" ಎಂದು ಕೇಳಿದಳು. ಹೂಂ ಎಂದೆ. ಅವಳು ಅವತ್ತು ನನಗೆ ಸಿಹಿ ಸಜ್ಜಕ ಮಾಡಿ ಬಡಿಸಿದಳು.

ಗಾಡಿ ಮಲಗಿರಲಿಲ್ಲ. ಪರೀಕ್ಷೆಯ ದಿನ ಅವರು ಹಾಕಿದ ಉಂಗುರ ಇವತ್ತಿಗೂ ಗಟ್ಟಿಯಾಗಿದೆ. ಇಲ್ಲದ ರೋಗಕ್ಕೆ ಗಾಡಿ ಒಯ್ಯುವುದು ಹೇಗೆ ಎಂದು ಮುಂದಿನ ವಾರ ಹೋಗಲಿಲ್ಲ, ಅದರ ಮುಂದಿನ ವಾರವೂ ಹೋಗಲಿಲ್ಲ. ಎಂಟು ತಿಂಗಳ ಮೇಲೆ ಮಗಳ ಫೋನು ಬಂತು. ಅಷ್ಟರಲ್ಲಿ ಮೇಸ್ತ್ರಿಯನ್ನು ಮಣ್ಣು ಮಾಡಿ ಮುಗಿದಿತ್ತು. ಮರುದಿನ ನಾವಿಬ್ಬರೂ ಗಾಡಿಯಲ್ಲಿ ಹೋದೆವು.

ಓಣಿಯಲ್ಲಿ ಬೈಕುಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಅವರ ಮನೆಯ ಮುಂದೆ ಮಾತ್ರ ಒಂದು ಗಾಡಿ ಹಿಡಿಯುವಷ್ಟು ಜಾಗ ಖಾಲಿಯಿತ್ತು. ನಾನು ಮುಂದೆ ಹೋಗಿ ಎಲ್ಲಾದರೂ ನಿಲ್ಲಿಸೋಣವೆಂದರೆ ಮಗಳು ಹೊರಗೆ ಬಂದು ತಡೆದಳು.

"ಇಲ್ಲೇ ನಿಲ್ಲಸ್ರಿ ಸಾರ್. ಈ ಜಾಗ ನಿಮ್ಮದ. ನೀವು ಬಂದು ಹೋದ ಮರುದಿನದಿಂದ ನಮ್ಮಪ್ಪ ತಾನೊಬ್ಬನೇ ಗರಸು ಮಣ್ಣು ಹೊತ್ತು ಹಾಕಿ, ದಮ್ಮಸು ಬಡದು, ನೀರು ಹನಿಸಿ ಹನಿಸಿ ಸಮ ಮಾಡಿದ. ಗಾಡಿ ನಿಲ್ಲೋ ನೆಲ ಸಮ ಇರ್ಲಿಲ್ಲಂದ್ರ ಅಳತಿ ಸುಳ್ಳಾಗ್ತೈತಿ ಅಂತಿದ್ದ. ಯಾರರ ಬೈಕ್ ಹಚ್ಚಿದ್ರ ಎಬ್ಬಿಸ್ತಿದ್ದ, ಬಳ್ಳಾರಿ ಗಾಡಿ ಬರ್ತೈತಿ, ಟೀಚರಮ್ಮಾರದು ಅಂತ. ಕಡೀಕ ಮಲಗಿದಲ್ಲೇ ಇದ್ದಾಗನೂ ಕೇಳ್ತಿದ್ದ, ಬಂತೇನು ಅಂತ."

ನಾನು ಗಾಡಿಯನ್ನು ಆ ಜಾಗದಲ್ಲಿ ನಿಲ್ಲಿಸಿದೆ. ಹೆಂಡತಿ ಮಗಳ ಮುಖ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ಗಾಡಿಗೇನಾಗಿತ್ತು?" ಎಂದು ಕೇಳಿದಳು.

ನಾನು ಗುಂಡಿ ಒತ್ತಿದೆ. ಮೇಸ್ತ್ರಿ ಸಮ ಮಾಡಿಟ್ಟ ನೆಲದ ಮೇಲೆ ಗಾಡಿ ನಾಲ್ಕೂ ಮಗ್ಗುಲು ಒಂದೇ ಸಮ ಇಳಿಯಿತು. ಅದಕ್ಕೆ ಏನೂ ಆಗಿರಲಿಲ್ಲ. ಅವಳು ಅದನ್ನು ನೋಡಿದಳು, ಬಾಗಿಲು ತೆಗೆದು ತಾನೇ ಇಳಿದಳು, ನನಗಾಗಿ ಕಾಯದೆ ಒಳಗೆ ಹೋದಳು.